ಹಸಿ ಆಲೂಗಡ್ಡೆ, ಬೆಂದ ಆಲೂಗಡ್ಡೆ

ಆಲೂಗಡ್ಡೆಯನ್ನು ರುಬ್ಬಬೇಡ ಎಂದು ಆ ಹೋಳಿಗೆಯವನಿಗೆ ಬಾಯಿಬಿಟ್ಟು ಹೇಳಿದ್ದೆ. ಯಾರ ಮೂಲಕವೋ ಹೇಳಿ ಕಳಿಸಿದ್ದಲ್ಲ. ಎದುರು ನಿಂತು, ಅವನ ಗ್ರೈಂಡರಿನ ಮೇಲೆ ಕೈಯಿಟ್ಟು ಹೇಳಿದ್ದೆ. ಆದರೂ ರುಬ್ಬಿದ. ಆ ದಿನ ನಡೆದದ್ದೆಲ್ಲ ಶುರುವಾದದ್ದು ಅಲ್ಲಿಂದಲೇ. ಈಗ ನೆನೆಸಿಕೊಂಡರೂ ನನಗೆ ಪಿತ್ತ ನೆತ್ತಿಗೇರುತ್ತದೆ.

ನಾನು ಹೊಸಪೇಟೆಯವಳು, ಮದುವೆ ಮುಂಜಿಗಳಿಗೆ ಅಡುಗೆಯ ಗುತ್ತಿಗೆ ಹಿಡಿಯುತ್ತೇನೆ. ಆವತ್ತಿನ ಮದುವೆ ಕಮಲಾಪುರದ ಒಂದು ಕಲ್ಯಾಣಮಂಟಪದಲ್ಲಿ. ಹೆಣ್ಣಿನವರು ಸಂಡೂರಿನವರು. ಮದುಮಗಳ ತಂದೆ ತೋರಣಗಲ್ಲು ಕಡೆಯ ಒಂದು ಕಾರ್ಖಾನೆಯಲ್ಲಿ ದೊಡ್ಡ ಅಧಿಕಾರಿ. ಗಂಡಿನವರು ಕಂಪ್ಲಿಯಿಂದ ಬಸ್ಸು ಮಾಡಿಕೊಂಡು ಹೊರಟು, ಹಂಪಿಯಲ್ಲಿ ದೇವರಿಗೆ ಕಾಯಿ ಒಡೆಸಿ, ಸಂಜೆ ಮಂಟಪಕ್ಕೆ ಬಂದು ಇಳಿಯುವುದೆಂದು ಮಾತಾಗಿತ್ತು. ಇಳಿದ ಕೂಡಲೇ ಅವರ ಕೈಗೆ ಬಿಸಿ ಆಲೂ ಬೋಂಡಾ ಮತ್ತು ಚಹಾ ಕೊಡಬೇಕು. ಮರುದಿನ ಹೋಳಿಗೆ ಊಟ ಎಷ್ಟೇ ಚೆನ್ನಾಗಿ ಮಾಡಿ, ಬೀಗರು ಬಸ್ಸಿಳಿದಾಗ ಬಾಯಿಗೆ ಬಿದ್ದ ಮೊದಲ ತುತ್ತನ್ನೇ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಹಾಗಾಗಿ ಆ ಬೋಂಡಾದ ಮೇಲೆ ನನ್ನ ಜೀವವೆಲ್ಲ ಇತ್ತು.

ಬೋಂಡಾ ಎಂದರೆ ಸಂಜೆ ಕೂತು ಸಂಜೆಯೇ ಮಾಡಿ ಮುಗಿಸುವ ಕೆಲಸ ಎಂದುಕೊಂಡವರು ಮನೆ ಮಟ್ಟಿಗೆ ಮಾಡಿರುತ್ತಾರೆ. ಬಸ್ಸುಗಟ್ಟಲೆ ಜನ ಒಟ್ಟಿಗೆ ಇಳಿಯುವ ಕಡೆ ಒಳಗಿನ ಆಲೂಗಡ್ಡೆ ಬೆಳಿಗ್ಗೆಯೇ ಬೆಂದು, ಪುಡಿಯಾಗಿ, ಆರಿ ಕೂತಿರಬೇಕು. ಬಿಸಿಯಿರುವಾಗಲೇ ಉಂಡೆ ಕಟ್ಟಿ ಕಡಲೆಹಿಟ್ಟಿಗೆ ಅದ್ದಿ ಎಣ್ಣೆಗೆ ಬಿಟ್ಟರೆ ಒಳಗಿನ ಹಬೆ ತಡೆಯದೆ ಬೋಂಡಾ ಬಾಯಿ ಬಿಡುತ್ತದೆ, ಎಣ್ಣೆಯೆಲ್ಲ ಕೆಸರಾಗುತ್ತದೆ. ಹಾಗೆಂದು ಬೆಳಿಗ್ಗೆ ಮಾಡಿ ರಾಶಿ ಹಾಕಿಟ್ಟರೂ ಕೆಟ್ಟಿತು. ನಮ್ಮ ಕಡೆಯ ಬಿಸಿಲಿಗೆ ಮೇಲೆ ಮುಟ್ಟಿದರೆ ತಣ್ಣಗಿರುತ್ತದೆ, ನಡುವೆ ಬೆರಳು ಹಾಕಿದರೆ ಇನ್ನೂ ಬೆಚ್ಚಗೆ. ಆ ಕಾವಿನಲ್ಲೇ ಅದು ಹಳಸುತ್ತದೆ. ಹುಳಿ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಅದಕ್ಕೇ ನನ್ನದೊಂದು ಕ್ರಮ ಇದೆ, ಅದನ್ನು ತಪ್ಪಲು ಯಾರಿಗೂ ಬಿಡುವುದಿಲ್ಲ. ದೊಡ್ಡ ಗಡ್ಡೆ ಒಂದು ಹಂಡೆಗೆ, ಸಣ್ಣವು ಇನ್ನೊಂದಕ್ಕೆ. ಇಲ್ಲದಿದ್ದರೆ ಸಣ್ಣದು ಕರಗುವಾಗ ದೊಡ್ಡದು ಒಳಗೆ ಹಸಿಯಿರುತ್ತದೆ. ಸಿಪ್ಪೆ ಸಮೇತ, ತಣ್ಣೀರಿನಿಂದಲೇ ಬೇಯಲು ಇಡಬೇಕು. ಬೆಂದ ಮೇಲೆ ನೀರು ಬಸಿದು, ಮತ್ತೆ ಅದೇ ಖಾಲಿ ಹಂಡೆಗೆ ಹಾಕಿ ಸಣ್ಣ ಉರಿಯಲ್ಲಿ ಅಲುಗಾಡಿಸಿ ಒದ್ದೆಯನ್ನೆಲ್ಲ ಹಬೆಯಾಗಿ ಬಿಡಬೇಕು. ಕೈಸುಡುವಾಗಲೇ ಬಟ್ಟೆಯಲ್ಲಿ ಹಿಡಿದು ಸಿಪ್ಪೆ ತೆಗೆಯಬೇಕು, ಬಿಸಿಯಿರುವಾಗಲೇ ಮರದ ಒನಕೆಯಿಂದ ಒತ್ತಿ, ಉಳಿದ ಗಂಟುಗಳನ್ನು ಕೈಯಲ್ಲಿ ಪುಡಿ ಮಾಡಬೇಕು. ಒತ್ತಬೇಕು, ತಿರುವಬಾರದು. ಆಲೂಗಡ್ಡೆ ಒಂದು ಹಂತದವರೆಗೆ ನೀವು ಹೇಳಿದ ಮಾತು ಕೇಳುತ್ತದೆ. ಅದು ದಾಟಿತೋ, ಒಳಗಿನ ಗಂಜಿಯೆಲ್ಲ ಹೊರಬಂದು ಗೋಂದಾಗುತ್ತದೆ. ಆಮೇಲೆ ಒಣ ಒಗ್ಗರಣೆ, ಅಂದರೆ ಸಾಸಿವೆ, ಹಸಿಮೆಣಸಿನಕಾಯಿ, ಶುಂಠಿ, ಅರಿಶಿನ ಅಷ್ಟೇ. ಉಳ್ಳಾಗಡ್ಡಿ, ಕೊತ್ತಂಬರಿ, ನಿಂಬೆಹಣ್ಣು ಎಲ್ಲ ಸಂಜೆಗೆ, ಉಂಡೆ ಕಟ್ಟುವಾಗ. ಮುಂಚೆ ಹಾಕಿದರೆ ನೀರು ಬಿಡುತ್ತವೆ.

ಕೊನೆಯದಾಗಿ ಆರಿಸುವುದು. ಅಗಲ ತಟ್ಟೆಗಳಲ್ಲಿ ಎರಡು ಬೆರಳು ದಪ್ಪಕ್ಕೆ ಹರವಿ ತಣ್ಣನೆಯ ಜಾಗದಲ್ಲಿ ಇಡಬೇಕು. ಆ ಮಂಟಪದಲ್ಲಿ ಎಸಿ ಇದ್ದದ್ದು ವರನ ಕೋಣೆಗೆ ಮತ್ತು ವಧುವಿನ ಕೋಣೆಗೆ ಮಾತ್ರ. ವಧು ಬೆಳಿಗ್ಗೆಯೇ ಬಂದು ಮಲಗಿದ್ದಳು. ವರ ಬರುವುದು ಸಂಜೆಗೆ. ಹಾಗಾಗಿ ಸಂಜೆಯವರೆಗೆ ವರನ ಕೋಣೆ ನನ್ನ ಆಲೂಗಡ್ಡೆಗೆ ಬೇಕು ಎಂದು ಮೊದಲೇ ಮದುಮಗಳ ತಂದೆಯವರ ಹತ್ತಿರ ಕೇಳಿ ತೆಗೆದುಕೊಂಡಿದ್ದೆ. ಅವರು ನಕ್ಕಿದ್ದರು. "ಅಳಿಯಾರ ಹಾಸಿಗಿ ಮ್ಯಾಲೆ ಹಾಕಬ್ಯಾಡ್ರಿ ಮತ್ತ" ಎಂದಿದ್ದರು.

ಆವತ್ತು ಸಂಜೆ ಬಾಣಲೆಯ ಮುಂದೆ ಯಾರು ನಿಲ್ಲುವುದು ಎಂಬುದೂ ತೀರ್ಮಾನವಾಗಿತ್ತು. ಕುರೆಕುಪ್ಪದ ಒಬ್ಬ ಹೆಣ್ಣುಮಗಳು ನನ್ನ ಜೊತೆ ಬಹಳ ಕಾಲದಿಂದ ದುಡಿಯುತ್ತಿದ್ದಳು. ಮೊದಲು ಪಾತ್ರೆ ತೊಳೆಯುತ್ತಿದ್ದಳು, ಆಮೇಲೆ ತರಕಾರಿ ಹೆಚ್ಚಲು ಬಂದಳು. ಗಂಡ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಆಕೆಯ ಬಾಯಿ ಜೋರು, ಕೈ ಅದಕ್ಕಿಂತ ಜೋರು. "ಅಕ್ಕಾ, ನನ್ನ ಇನ್ನಾ ಎಷ್ಟು ದಿವ್ಸ ಉಳ್ಳಾಗಡ್ಡಿ ಹೆಚ್ಚಾಕ ಕುಂದ್ರಸ್ತೀರಿ? ಒಲಿ ಮುಂದ ಬಿಟ್ಟು ನೋಡ್ರಿ ಒಮ್ಮೆ" ಎಂದು ಮನೆಯ ಸಣ್ಣಪುಟ್ಟ ಕಾರ್ಯಗಳಲ್ಲಿ ಬೋಂಡಾ ಬಿಟ್ಟು ತೋರಿಸಿದ್ದಳು. ನನಗಿಂತ ಚೆನ್ನಾಗಿ ಬಿಡುತ್ತಿದ್ದಳು. ನನ್ನ ಬೋಂಡಾದವನು ಕೆಲಸ ಬಿಟ್ಟು ಹೋದಾಗ, ಈ ಮದುವೆಗೆ ಬಾಣಲೆ ನಿನ್ನದೇ ಎಂದು ಮಾತು ಕೊಟ್ಟಿದ್ದೆ. ದೊಡ್ಡ ಮದುವೆಯಲ್ಲಿ ಒಮ್ಮೆ ಬಾಣಲೆಯ ಮುಂದೆ ನಿಂತವಳನ್ನು ಮತ್ತೆ ಯಾರೂ ಪಾತ್ರೆಗೆ ಕಳಿಸುವುದಿಲ್ಲ. ನಿಂತವಳನ್ನು ಅಲ್ಲಿಂದ ಸರಿಸಿದರೆ ಮಾತ್ರ ಆ ಬಾಗಿಲು ಮುಚ್ಚಿದಂತೆಯೇ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೆಳಿಗ್ಗೆ ಮೊದಲ ಹಂಡೆ ಇಳಿಯಿತು. ಹೋಳಿಗೆಯವನು ಮರುದಿನದ ಹೂರಣಕ್ಕೆಂದು ತನ್ನ ದೊಡ್ಡ ಗ್ರೈಂಡರ್ ತಂದು ಕೂತಿದ್ದ. ಬೇಳೆ ಇನ್ನೂ ನೆನೆದಿರಲಿಲ್ಲ, ಅವನ ಆಳುಗಳು ಸುಮ್ಮನೆ ಕೂತಿದ್ದರು. ಅವರನ್ನು ಒನಕೆ ಹಿಡಿಯಲು ಕೊಡು ಎಂದು ಅವನನ್ನು ಕೇಳಿದೆ. ಒಪ್ಪಿದ. ರುಬ್ಬುವುದು ಬೇಡ ಎಂದು ಹೇಳಿ, ಕರಿಬೇವು ಬಾಡಿದ್ದು ಬಂದಿದೆ ಎಂದು ಅದರ ಜಗಳ ಬಿಡಿಸಲು ಹೊರಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಗ್ರೈಂಡರ್ ತಿರುಗುತ್ತಿತ್ತು.

ಮುಚ್ಚಳ ತೆಗೆದೆ. ಒಳಗೆ ಹೂರಣದ ಹಾಗೆ ನುಣ್ಣಗೆ, ಹೊಳೆಯುವ ಬಿಳಿ ಮುದ್ದೆ. ಬೆರಳಿಟ್ಟರೆ ಬೆರಳು ಬಿಡದು. ಎತ್ತಿದರೆ ಒಂದು ಮೊಳ ಎಳೆ.

"ಏನ್ಲೇ ಇದು?" ಎಂದೆ.

"ನೋಡ್ರಿ ಹೆಂಗೈತಿ! ಒಂದು ಗಂಟಿಲ್ಲ. ಬೆಣ್ಣಿ ಬಂದಂಗ ಬಂದೈತಿ" ಎಂದ, ಹೆಮ್ಮೆಯಿಂದ. ಇಡೀ ಆಯುಷ್ಯ ಕಡಲೆಬೇಳೆ ಬೆಲ್ಲ ರುಬ್ಬಿದವನಿಗೆ ನುಣ್ಣಗಾದದ್ದೆಲ್ಲ ಒಳ್ಳೆಯದೇ. ಹೂರಣಕ್ಕೆ ಯಾವುದು ಗುಣವೋ ಆಲೂಗಡ್ಡೆಗೆ ಅದೇ ಸಾವು.

"ಬೋರ್ಡಿಗೆ ಹಾಳಿ ಅಂಟಸಾಕ ಒಯ್ಯಿ ಇದನ್ನ. ರುಬ್ಬಬ್ಯಾಡ ಅಂತ ಹೇಳಿದ್ದು ಕಿವ್ಯಾಗ ಬಿತ್ತೋ ಇಲ್ಲೋ?"

"ನಿಮ್ಮ ಆಲೂಗಡ್ಡೀನ ಸರಿ ಇಲ್ರಿ. ಹೊಸ ಗಡ್ಡಿ ತಂದೀರಿ, ನೀರು ಗಡ್ಡಿ."

ಕುಣಿಯಲಾರದವನು ನೆಲ ಡೊಂಕು ಎಂದನಂತೆ. ಅವನ ಆಳುಗಳ ಎದುರಿಗೇ ನಾಲ್ಕು ಮಾತು ಬಿಗಿದೆ. ಅವನ ಮುಖ ಕೆಂಪಾಯಿತು. ಆಳುಗಳನ್ನು ಎಬ್ಬಿಸಿಕೊಂಡು ಹೊರಗೆ ಬೀಡಿ ಸೇದಲು ಹೋದ. ಆ ಹಂಡೆಯಷ್ಟನ್ನೂ ದನದ ಬುಟ್ಟಿಗೆ ಹಾಕಿಸಿದೆ. ಅನ್ನ ಚೆಲ್ಲುವುದೆಂದರೆ ನನಗಾಗದು.

ಉಳಿದ ಹಂಡೆಗಳು ಕುದಿಯುತ್ತಿದ್ದವು, ಒನಕೆ ಹಿಡಿಯುವ ಕೈ ಇರಲಿಲ್ಲ. ತರಕಾರಿ ಮೂಲೆಯಲ್ಲಿದ್ದ ಹೆಂಗಸರನ್ನು ಕರೆದೆ. ಕುರೆಕುಪ್ಪದಾಕೆ ಕರೆಯುವ ಮೊದಲೇ ಸೆರಗು ಕಟ್ಟಿ ಎದ್ದಿದ್ದಳು. ಬಿಸಿ ಗಡ್ಡೆಯನ್ನು ಅಂಗೈಯಿಂದ ಅಂಗೈಗೆ ಹಾರಿಸುತ್ತ ಸಿಪ್ಪೆ ಸುಲಿದಳು, ಒನಕೆ ಎತ್ತಿ ಒತ್ತಿದಳು, ಮೊಣಕೈವರೆಗೆ ಕೈಹಾಕಿ ಗಂಟು ಒಡೆದಳು. ಬಂದದ್ದು ಹೇಗೆ ಬರಬೇಕೋ ಹಾಗೆಯೇ, ಒರಟು ರವೆಯ ಹಾಗೆ ಬಿಡಿಬಿಡಿ. ತಟ್ಟೆಗೆ ಹರವಿ, ಕೆಳಗೆ ಐಸಿನ ತುಂಡು ಇಟ್ಟು, ಒಂದೊಂದೇ ತಟ್ಟೆ ವರನ ಕೋಣೆಗೆ ಸಾಗಿಸಿದೆವು.

ಹೋಳಿಗೆಯವನು ಬೀಡಿ ಮುಗಿಸಿ ಬಂದು ಬಾಗಿಲಲ್ಲಿ ನಿಂತು ನೋಡಿದ. ಬಹಳ ನಯವಾಗಿ ಕೇಳಿದ, "ಯಾವೂರವ್ವಾ ನಿಂದು?"

"ಕುರೆಕುಪ್ಪ."

"ಮನಿ ದೇವ್ರು ಯಾವ್ದು?"

ಈ ಪ್ರಶ್ನೆಗೆ ನಮ್ಮಲ್ಲಿ ಒಂದೇ ಅರ್ಥ. ಜಾತಿ ಕೇಳಲು ನಾಚಿಕೆಯಾದವರು ಮನೆದೇವರನ್ನು ಕೇಳುತ್ತಾರೆ. ಅವಳಿಗೂ ಅದು ಗೊತ್ತು. ಕೈ ನಿಲ್ಲಿಸದೆ ಹೇಳಿದಳು, "ನಮ್ಮ ಮನಿಯಾಗ ಬುದ್ಧ ಅದಾನ್ರಿ. ನಿಮ್ಮ ಮನಿಯಾಗ?"

ಅವನು ಅಲ್ಲಿಂದ ಹೊರಟುಹೋದ. ಹೋದದ್ದು ಎಲ್ಲಿಗೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ನಮ್ಮ ಕಡೆ ಒಂದು ಲೆಕ್ಕಾಚಾರ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಸಿಯದನ್ನು ಯಾರು ಮುಟ್ಟಿದರೂ ನಡೆಯುತ್ತದೆ. ಹೊಲದಲ್ಲಿ ಅಗೆದವರು, ಚೀಲಕ್ಕೆ ತುಂಬಿದವರು, ಲಾರಿಗೆ ಹೇರಿದವರು, ಕೂತು ಹೆಚ್ಚಿದವರು ಯಾರು ಎಂದು ಒಬ್ಬರೂ ಕೇಳರು. ಅದೇ ಗಡ್ಡೆ ನೀರಲ್ಲಿ ಬೆಂದಿತೋ, ಮುಟ್ಟುವ ಕೈಗೆ ತಟ್ಟನೆ ಜಾತಿ ಹುಟ್ಟುತ್ತದೆ. ಬೆಳಿಗ್ಗೆ ಈಕೆ ಹೆಚ್ಚಿದ ಬೀನ್ಸು, ಕ್ಯಾರೆಟ್ಟು ಮಧ್ಯಾಹ್ನದ ಊಟದಲ್ಲಿ ಇಡೀ ಬಳಗದ ಹೊಟ್ಟೆ ಸೇರಿತ್ತು. ಅದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಊಟವಾದ ಮೇಲೆ ನಾವಿಬ್ಬರೂ ವರನ ಕೋಣೆಯಲ್ಲಿದ್ದೆವು. ತಟ್ಟೆಯ ನಡುಭಾಗದ ಆಲೂಗಡ್ಡೆ ಆರಿದೆಯೇ ಎಂದು ನಾನು ಬೆರಳಿಟ್ಟು ನೋಡುತ್ತಿದ್ದೆ, ಅವಳು ಕೆಳಗಿನದನ್ನು ಮೇಲೆ ಮಾಡುತ್ತಿದ್ದಳು. ಬಾಗಿಲು ತೆರೆಯಿತು. ಮದುಮಗಳ ತಂದೆ. ಹಿಂದೆ ಹೋಳಿಗೆಯವನು.

"ಮೇಡಂ, ಒಂದ್ನಿಮಿಷ ಹೊರಗ ಬರ್ರಿ" ಎಂದರು.

"ಇಲ್ಲೇ ಹೇಳ್ರಿ ಸರ. ತಟ್ಟಿ ಬಿಟ್ಟು ಬರಾಕಾಗಂಗಿಲ್ಲ."

ಅವರು ಅವಳನ್ನು ನೋಡಲಿಲ್ಲ. ಎಸಿಯನ್ನು ನೋಡುತ್ತ ಮಾತಾಡಿದರು. "ನೋಡ್ರಿ, ಪರ್ಸನಲಿ ನಾನು ಇದನ್ನೆಲ್ಲ ನಂಬೋನಲ್ಲ. ನಮ್ಮ ಕ್ಯಾಂಟೀನ್‌ನಾಗ ಯಾರು ಅಡಿಗಿ ಮಾಡ್ತಾರಂತ ಒಂದಿನ ಕೇಳೀನೇನು? ಆದ್ರ ನಮ್ಮ ದೊಡ್ಡಮ್ಮ ಅದಾರ, ಹಳೇ ಕಾಲದೋರು. ಅವರಿಗೆ ಗೊತ್ತಾದ್ರ ಮನಸ್ಸಿಗೆ ಹಚ್ಕೋತಾರ. ಶುಭ ಕಾರ್ಯ ನೋಡ್ರಿ..."

"ಏನು ಗೊತ್ತಾದ್ರ ಸರ?"

"ಅದ... ನಿಮಗೂ ಗೊತ್ತಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ನನ್ನ ಮೈಯೆಲ್ಲ ಉರಿಯತೊಡಗಿತು. "ನನಗ ಗೊತ್ತಿಲ್ರಿ. ಬಿಡಿಸಿ ಹೇಳ್ರಿ."

ಅವರು ಬೇರೆ ದಾರಿ ಹಿಡಿದರು. ಇನ್ನೊಂದು ಚೀಲ ಆಲೂಗಡ್ಡೆ ತರಿಸುತ್ತಾರಂತೆ, ನಾನು ಹೊಸದಾಗಿ ಬೇಯಿಸಬೇಕಂತೆ. ಈಕೆ ಬೇಕಾದರೆ ಉಳ್ಳಾಗಡ್ಡಿ ಹೆಚ್ಚಲಿ, ಯಾರೂ ಬೇಡ ಎನ್ನುವುದಿಲ್ಲ. ಬಾಣಲೆ ಮಾತ್ರ ಬೇರೆ ಯಾರಾದರೂ ನೋಡಿಕೊಳ್ಳಲಿ.

"ಮತ್ತ ಇದೇನು ಮಾಡ್ಲಿ?" ಎಂದು ತಟ್ಟೆಗಳ ಕಡೆ ಕೈ ಮಾಡಿದೆ.

"ಚೆಲ್ಲಬ್ಯಾಡ್ರಿ ಪಾಪ. ಡ್ರೈವರಗೋಳು, ಶಾಮಿಯಾನಾ ಹುಡುಗ್ರು ಅದಾರಲ್ಲ, ಅವರಿಗೆ ಕೊಡ್ರಿ."

ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದೆ. ಆ ಮಾತಿಗೆ ತಡೆಯಲಿಲ್ಲ. ಆ "ಪಾಪ" ಎನ್ನುವ ಪದಕ್ಕೇ ನನಗೆ ಹೆಚ್ಚು ಸಿಟ್ಟು ಬಂದದ್ದು. "ಅಂದ್ರ ಡ್ರೈವರ ಹೊಟ್ಟಿ ಹೊಟ್ಟಿ ಅಲ್ಲೇನ್ರಿ? ಅವರಿಗೆ ನಡಿಯೋದು ನಿಮ್ಮ ಬೀಗರಿಗೆ ಯಾಕ ನಡಿಯಂಗಿಲ್ಲ? ಸರ, ನಾನು ಇನ್ನೊಂದು ಗಡ್ಡಿ ಬೇಯ್ಸಂಗಿಲ್ಲ. ಬೋಂಡಾ ಆದ್ರ ಇದರದೇ ಆಗಬೇಕು, ಇಲ್ಲಾಂದ್ರ ಬೋಂಡಾನೇ ಇಲ್ಲ. ನಾಳಿ ಊಟಕ್ಕೂ ಬ್ಯಾರೆಯವರನ್ನ ನೋಡ್ಕೋರಿ. ನಾ ಸಾಮಾನು ಕಟ್ತೀನಿ."

ಕೋಣೆಯ ಹೊರಗೆ ನಾದಸ್ವರದವರು ಬಂದಿಳಿದ ಸದ್ದು. ಮದುಮಗಳ ತಂದೆ, ಆ ಮನೆಯ ಯಜಮಾನರು, ಗಡಿಯಾರ ನೋಡಿಕೊಂಡರು. ಬಸ್ಸುಗಳು ಆಗಲೇ ಹಂಪಿ ಮುಟ್ಟಿದ್ದವು. ಅವರ ದನಿ ಇಳಿಯಿತು.

"ಹಂಗಾರ ಹಿಂಗ ಮಾಡೋಣ ಮೇಡಂ. ಇದ್ರದ ಮಾಡ್ರಿ. ಆಕೀನೂ ಅಡಿಗಿಮನಿ ಹಿಂದ ಮರ್ಯಾಗ ನಿಂತು ಎಣ್ಣಿಗೆ ಬಿಡ್ಲಿ. ಯಾರಾರ ಕೇಳಿದ್ರ ನೀವ ಮಾಡೀರಿ ಅಂತ ನಾ ಹೇಳ್ತೀನಿ. ನಿಮ್ಮ ಕೈ ಅಡಿಗಿ ಅಂದ್ರ ಯಾರೂ ಮಾತಾಡಂಗಿಲ್ಲ. ಎಲ್ಲಾರ ಮರ್ಯಾದಿನೂ ಉಳೀತೈತಿ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆದರೂ ನಿಜ ಹೇಳುತ್ತೇನೆ, ನಾನು ಆಗಲಿ ಎನ್ನಲು ಬಾಯಿ ತೆರೆದಿದ್ದೆ. ಆಲೂಗಡ್ಡೆ ಉಳಿಯಿತು, ಅವಳಿಗೆ ಬಾಣಲೆ ಉಳಿಯಿತು ಅನ್ನಿಸಿತ್ತು. ಅಷ್ಟು ಹೊತ್ತೂ ತಲೆ ಬಗ್ಗಿಸಿ ಆಲೂಗಡ್ಡೆ ತಿರುವುತ್ತಿದ್ದ ಅವಳು ಎದ್ದು ನಿಂತಳು.

"ಬ್ಯಾಡ ಅಕ್ಕಾ" ಎಂದಳು. "ಇವತ್ತು ನಿಮ್ಮ ಕೈಯಂದು ಅಂತ ತಿಂತಾರ. ನಾಳಿ ಗೊತ್ತಾದ್ರ ಏನಂತಾರ? ಕದ್ದು ಮುಟ್ಟಿ ತಿನ್ನಿಸಿದ್ಲು ಅಂತಾರ. ಬೇಯ್ಸಿದ್ದು ನಾನು, ಕಳ್ಳೀನೂ ನಾನ ಆಗಬೇಕೇನು? ತಿನ್ಸೋದಾದ್ರ ತಿಳಿಸಿ ತಿನ್ಸ್ರಿ. ಇಲ್ಲಾಂದ್ರ ಚೆಲ್ರಿ, ನಾ ಬಸ್ ಹಿಡಿದು ಊರಿಗೆ ಹೋಗ್ತೀನಿ."

ಯಜಮಾನರು ಮೊದಲ ಸಲ ಅವಳ ಕಡೆ ನೋಡಿದರು. "ತಿಳಿಸೋದಂದ್ರ? ಮೈಕ್‌ನಾಗ ಅನೌನ್ಸ್ ಮಾಡ್ಬೇಕೇನವ್ವಾ?"

"ಮೈಕ್ ಯಾಕ್ರಿ ಸರ? ಬಾಣ್ಲಿ ಮುಂದಕ್ಕ ತಂದು ಇಡ್ರಿ, ಚಪ್ಪರದಾಗ. ನಾನು ಎಲ್ಲಾರ ಮುಂದ ನಿಂದ್ರತೀನಿ. ಕೇಳಿದೋರಿಗೆ ಯಾವೂರು, ಯಾರ ಮನಿಯಾಕಿ ಅಂತ ಹೇಳ್ತೀನಿ. ಬೇಕಂದೋರು ತಿನ್ಲಿ, ಬ್ಯಾಡಂದೋರು ಬಿಡ್ಲಿ."

ನನಗೆ ಬಂದ ಸಿಟ್ಟು ಎಷ್ಟೋ ಇತ್ತು, ಆದರೆ ಹೀಗೊಂದು ದಾರಿ ಹೊಳೆದಿರಲಿಲ್ಲ.

"ನಮ್ಮ ದೊಡ್ಡಮ್ಮ..." ಎಂದು ಯಜಮಾನರು ಮತ್ತೆ ಶುರು ಮಾಡಿದರು.

"ನಡೀರಿ, ಅವರನ್ನ ಕೇಳೋಣ" ಎಂದು ನಾನು ಹೊರಟೇಬಿಟ್ಟೆ. ಅವರು "ಮೇಡಂ, ಮೇಡಂ" ಎನ್ನುತ್ತ ಹಿಂದೆ ಬಂದರು.

ಆ ದೊಡ್ಡಮ್ಮ ಊಟದ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದರು. ನಾನು ಮುಚ್ಚುಮರೆಯಿಲ್ಲದೆ ಹೇಳಿದೆ. ಬೋಂಡಾದ ಆಲೂಗಡ್ಡೆ ಮಾಡಿದವಳು ಇಂಥ ಕೇರಿಯವಳು, ಎಣ್ಣೆಗೆ ಬಿಡುವವಳೂ ಅವಳೇ, ನಿಮಗಾಗಿ ಅದನ್ನು ಚೆಲ್ಲಬೇಕೆಂದು ನಿಮ್ಮ ಮಗ ಹೇಳುತ್ತಿದ್ದಾರೆ, ಏನು ಮಾಡಲಿ ಎಂದೆ.

ಮುದುಕಿ ಕುಟ್ಟುವುದನ್ನು ನಿಲ್ಲಿಸಿದರು. "ನಾ ಒಲ್ಲೆವ್ವಾ" ಎಂದರು. "ಇಷ್ಟು ವರ್ಷ ಉಂಡಿಲ್ಲ, ಇನ್ನ ಉಣ್ಣಂಗಿಲ್ಲ. ನನಗೊಂದು ಬಾಳಿಹಣ್ಣು ಕೊಡ್ರಿ ಸಾಕು." ಆಮೇಲೆ ಯಜಮಾನರ ಕಡೆ ತಿರುಗಿದರು. "ಆದ್ರ ಬೆಂದಿದ್ದು ಚೆಲ್ಲು ಅಂತ ನಾ ಯಾವಾಗ ಅಂದ್ನೋ ತಮ್ಮಾ? ತಿನ್ನೋರು ತಿಂತಾರ. ನಿನಗ ಬ್ಯಾಡಾದ್ರ ನಿನಗ ಬ್ಯಾಡ ಅನ್ನು. ನನ್ನ ಹೆಸರು ಯಾಕ ತಗೀತಿ?"

ಆ "ಒಲ್ಲೆ" ಎಂಬ ಮಾತಿಗೂ ನನಗೆ ಸಿಟ್ಟು ಬಂತು. ಬರದೆ ಏನು? ಆದರೆ ಅದು ಮುಖಕ್ಕೆ ಮುಖ ಕೊಟ್ಟು ಆಡಿದ ಮಾತು. ಅದರೊಡನೆ ಜಗಳ ಆಡಬಹುದು. ಪರ್ಸನಲಿ ನಾನು ನಂಬೋನಲ್ಲ ಎನ್ನುವವರ ಜೊತೆ ಜಗಳಕ್ಕೆ ನಿಲ್ಲುವುದಾದರೂ ಎಲ್ಲಿ?

ಯಜಮಾನರು ಫೋನು ಕಿವಿಗಿಟ್ಟುಕೊಂಡು ಗೇಟಿನ ಕಡೆ ನಡೆದರು. ಬೇಡ ಎಂದು ಹೇಳಲಿಲ್ಲ. ನನಗೆ ಅಷ್ಟೇ ಸಾಕಿತ್ತು.

ಒಲೆ, ಸಿಲಿಂಡರು, ಬಾಣಲೆ ಎಲ್ಲವನ್ನೂ ಅಡುಗೆಮನೆಯ ಹಿಂದಿನಿಂದ ಚಪ್ಪರದ ಮುಂದಕ್ಕೆ ಸಾಗಿಸಿದೆವು. ಗಾಳಿಗೆ ಉರಿ ಅಲುಗದಂತೆ ಮೂರು ಕಡೆ ತಗಡು ನಿಲ್ಲಿಸಿದೆ. ಆಲೂಗಡ್ಡೆಯನ್ನು ಕೊನೆಗೊಮ್ಮೆ ಮೂಸಿ ನೋಡಿದೆ. ಹುಳಿಯಿರಲಿಲ್ಲ, ತಣ್ಣಗೆ, ಒಣಗಿ, ಮುಷ್ಟಿ ಹಿಡಿದರೆ ಉಂಡೆ ನಿಲ್ಲುವಂತಿತ್ತು. ಉಳ್ಳಾಗಡ್ಡಿ, ಕೊತ್ತಂಬರಿ, ನಿಂಬೆರಸ ಕಲಸಿ ಹೆಂಗಸರೆಲ್ಲ ಉಂಡೆ ಕಟ್ಟಲು ಕೂತರು. ಕುರೆಕುಪ್ಪದಾಕೆ ಮುಖ ತೊಳೆದು, ತಲೆಗೆ ಬಟ್ಟೆ ಕಟ್ಟಿ, ಕಡಲೆಹಿಟ್ಟನ್ನು ಸೌಟಿನ ಹಿಂಬದಿಗೆ ಅಂಟಿಕೊಳ್ಳುವಷ್ಟು ಗಟ್ಟಿಯಾಗಿ ಕಲಸಿ, ಒಂದು ಹನಿ ಎಣ್ಣೆಗೆ ಬಿಟ್ಟು ನೋಡಿದಳು. ಹನಿ ಮುಳುಗಿ ತಕ್ಷಣ ಎದ್ದಿತು. "ಬರ್ಲಿ ಅಕ್ಕಾ ಬಸ್ಸು" ಎಂದಳು.

ಅಷ್ಟರಲ್ಲಿ ಹೋಳಿಗೆಯವನು ಸುದ್ದಿ ಹಬ್ಬಿಸುವ ತನ್ನ ಕೆಲಸ ಮುಗಿಸಿದ್ದ. ಮೈಕಿನ ಅಗತ್ಯವೇ ಬೀಳಲಿಲ್ಲ. ಹೆಣ್ಣಿನ ಕಡೆಯ ಕೆಲವರು ಚಪ್ಪರದ ಆ ತುದಿಯಲ್ಲಿ ಗುಂಪಾಗಿ ನಿಂತು ನಮ್ಮ ಕಡೆ ನೋಡುತ್ತ ಪಿಸುಗುಟ್ಟುತ್ತಿದ್ದರು. ಒಬ್ಬರು ನೇರವಾಗಿ ಬಂದು ಅವಳನ್ನು ಯಾವೂರು ಎಂದು ಕೇಳಿದರು. ಅವಳು ಊರನ್ನೂ ಹೇಳಿದಳು, ಕೇರಿಯನ್ನೂ ಹೇಳಿದಳು. ಅವರು ಚಹಾ ಮಾತ್ರ ತೆಗೆದುಕೊಂಡು ಹೋದರು.

ಬಸ್ಸುಗಳು ಬಂದವು. ಬಿಸಿಲಲ್ಲಿ ಹಂಪಿಯ ಬಂಡೆ ಹತ್ತಿ ಇಳಿದು ಹಸಿದು ಬಂದ ಜನ. ಮೊದಲ ಒಬ್ಬೆ ಎಣ್ಣೆಯಿಂದ ಎದ್ದಿತು. ಒಂದೂ ಬಾಯಿ ಬಿಟ್ಟಿರಲಿಲ್ಲ, ಎಲ್ಲ ಒಂದೇ ಬಣ್ಣ. ಕಂಪ್ಲಿಯ ಒಬ್ಬ ಮುದುಕ ಮುರಿದು ಬಾಯಿಗೆ ಹಾಕಿ, ಬಾಯಿ ಸುಟ್ಟುಕೊಂಡು, "ಹಾ, ಹಾ" ಎನ್ನುತ್ತಲೇ ಇನ್ನೊಂದಕ್ಕೆ ಕೈಚಾಚಿದ. ಸಾಲು ಗೇಟಿನವರೆಗೆ ಬೆಳೆಯಿತು. ಬೀಗರ ಕಡೆಯ ಒಬ್ಬ ಹೆಂಗಸಿನ ಕಿವಿಯಲ್ಲಿ ಯಾರೋ ಏನೋ ಹೇಳಿದರು. ಆಕೆ ತನ್ನ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೋದಳು. ಅವಳ ಗಂಡ ಆ ತಟ್ಟೆಯಲ್ಲಿದ್ದುದನ್ನೂ ತಿಂದ. ಹೀಗೆಯೇ ನಡೆಯಿತು. ತಿಂದವರು ಬಹಳ, ಬಿಟ್ಟವರೂ ಇದ್ದರು. ಎಲ್ಲರೂ ಬಾಯಿ ಚಪ್ಪರಿಸಿದರು ಎಂದು ಹೇಳಿದರೆ ಸುಳ್ಳಾಗುತ್ತದೆ.

ನಾನು ಮಾತ್ರ ಯಜಮಾನರನ್ನೇ ನೋಡುತ್ತಿದ್ದೆ. ಮದುಮಗನ ತಂದೆ ಎರಡನೆಯ ಸಲ ಬಂದವರು, "ಬೀಗರ, ನೀವು ತಗೊಂಡ್ರೋ ಇಲ್ಲೋ? ಭಾಳ ಮಸ್ತ್ ಅದಾವ್ರಿ" ಎಂದು ತಾವೇ ತಟ್ಟೆಗೆ ಎರಡು ಹಾಕಿಸಿ ಅವರ ಕೈಗೆ ಕೊಟ್ಟರು. ಯಜಮಾನರು ನಕ್ಕು ತೆಗೆದುಕೊಂಡರು. ಬೀಗರ ಜೊತೆ ಮಳೆ ಬೆಳೆ ಮಾತಾಡತೊಡಗಿದರು. ತಟ್ಟೆ ಎಡಗೈಯಿಂದ ಬಲಗೈಗೆ ಹೋಯಿತು, ಬಲಗೈಯಿಂದ ಎಡಗೈಗೆ ಬಂತು. ಒಮ್ಮೆ ಬೋಂಡಾವನ್ನು ಎತ್ತಿದರು, ಯಾರಿಗೋ ನಮಸ್ಕಾರ ಮಾಡಲು ಮತ್ತೆ ಇಟ್ಟರು. ಹಿಂದಿದ್ದ ಕುರ್ಚಿಯನ್ನು ಕಾಲಿಂದ ತಡಕುತ್ತಿದ್ದರು, ತಟ್ಟೆಯನ್ನು ಅದರ ಕೆಳಗೆ ಸೇರಿಸಲು. ಹೋಗಿ ಅವರ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು.

ಅವಳೂ ನೋಡುತ್ತಿದ್ದಳು. ನನಗೆ ಅದು ತಿಳಿದದ್ದು ಬಾಣಲೆಯ ಸದ್ದು ನಿಂತಾಗ. ಬೆಂದ ಬೋಂಡಾಗಳನ್ನೆಲ್ಲ ಜಾಲರಿಯಲ್ಲಿ ಎತ್ತಿ ಬುಟ್ಟಿಗೆ ಹಾಕಿ, ಹಿಟ್ಟಿಗೆ ಅದ್ದಿದ ಒಂದು ಉಂಡೆಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಳು. ಎಣ್ಣೆ ಖಾಲಿ ಕಾಯುತ್ತಿತ್ತು. ಸಾಲಿನಲ್ಲಿದ್ದವರು ತಟ್ಟೆ ಹಿಡಿದು ಅವಳ ಮುಖ ನೋಡಿದರು.

"ಸರ, ತಿನ್ರಿ. ಆರಿ ಹೊಕ್ಕಾವು" ಎಂದಳು. ಗಂಟಲು ದೊಡ್ಡದು, ಇಡೀ ಚಪ್ಪರಕ್ಕೆ ಕೇಳಿಸಿತು.

"ತಿಂತೀನವ್ವಾ, ತಿಂತೀನಿ. ನೀನು ಬಿಡು" ಎಂದರು ಯಜಮಾನರು.

"ನೀವು ತಿಂದಿಂದ ಬಿಡ್ತೀನಿ. ಮನಿ ಯಜಮಾನ್ರು ತಿನ್ನಲಾರದ ಬೀಗರಿಗೆ ಬಡಿಸಿದ್ರ ಹೆಂಗ್ರಿ?"

ಬೀಗರು ನಕ್ಕರು. "ಖರೇನ ಐತಿ. ತಿನ್ರಿ ಬೀಗರ, ಆಕಿ ಬಿಡಂಗಿಲ್ಲ" ಎಂದರು. ಅವರಿಗೆ ಒಳಗಿನದೇನೂ ಗೊತ್ತಿರಲಿಲ್ಲವೋ, ಎಲ್ಲವೂ ಗೊತ್ತಿತ್ತೋ, ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ಯಜಮಾನರು ನನ್ನ ಕಡೆ ನೋಡಿದರು. ನಾನು ಉರಿ ಸಣ್ಣ ಮಾಡುವ ನೆವದಲ್ಲಿ ಬಗ್ಗಿದೆ. ತಲೆ ಎತ್ತಿದಾಗ ಅವರ ಕೈ ಬಾಯಿಯ ಹತ್ತಿರ ಇತ್ತು. ಕಚ್ಚಿದರು. ಅಗಿದರು. ಅಷ್ಟು ಜನರ ಮುಂದೆ ನುಂಗಿದರು.

"ಛಲೋ ಅದಾವೇನ್ರಿ?" ಎಂದಳು.

"ಛಲೋ ಅದಾವು."

"ಇನ್ನೊಂದು ಹಾಕ್ಲೇನ್ರಿ?"

"ಸಾಕವ್ವಾ."

"ಸಾಕಂದ್ರ ಸರೀರಿ ಸರ, ಹಿಂದ ಮಂದಿ ನಿಂತಾರ" ಎಂದು ಉಂಡೆಯನ್ನು ಎಣ್ಣೆಗೆ ಬಿಟ್ಟಳು.

ಅವರು ಸರಿದರು.